ಸಣ್ಣ ಸೋರಿಕೆಯನ್ನೂ ಬರೆದಿಡಬೇಕು

2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಕಡಲಲ್ಲಿ, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಗೆ ಸೇರಿದ ಮುಂಬೈ ಹೈ ನಾರ್ತ್ ತೈಲ ವೇದಿಕೆಯ ಬಳಿಗೆ ‘ಸಮುದ್ರ ಸುರಕ್ಷಾ’ ಎಂಬ ಸಹಾಯಕ ಹಡಗು ಬಂತು. ಹಡಗಿನ ಅಡುಗೆಯವನ ಬೆರಳಿಗೆ ಗಾಯವಾಗಿತ್ತು. ಗಾಳಿಮಳೆಯಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಹಾಗಾಗಿ ಅವನನ್ನು ಕ್ರೇನ್ ಮೂಲಕ ವೇದಿಕೆಗೆ ಎತ್ತಿಸಿದರು. ಅಷ್ಟರಲ್ಲಿ ಅಲೆಗಳ ಹೊಡೆತಕ್ಕೆ ಹಡಗು ಹತೋಟಿ ತಪ್ಪಿ ವೇದಿಕೆಯತ್ತ ಸರಿಯಿತು. ಅದರ ಹೆಲಿಪ್ಯಾಡಿನ ಅಂಚು ಒಂದು ರೈಸರ್‌ಗೆ ತಾಗಿತು. ಸಮುದ್ರತಳಕ್ಕೂ ವೇದಿಕೆಗೂ ನಡುವೆ ತೈಲ, ಅನಿಲವನ್ನು ಸಾಗಿಸುವ ಕೊಳವೆಯೇ ರೈಸರ್. ಅನಿಲ ಸೋರಿ ಬೆಂಕಿ ಹೊತ್ತಿಕೊಂಡಿತು. ಎರಡು ಗಂಟೆಗಳೊಳಗೆ ಇಡೀ ವೇದಿಕೆ ಕುಸಿದು ಕಡಲು ಸೇರಿತು. ವೇದಿಕೆ, ಪಕ್ಕದಲ್ಲಿದ್ದ ಬಾವಿ ಕೊರೆಯುವ ರಿಗ್ ಮತ್ತು ಹಡಗಿನಲ್ಲಿ ಒಟ್ಟು 384 ಮಂದಿ ಇದ್ದರು. 362 ಮಂದಿ ಉಳಿದರು, 22 ಮಂದಿ ಮರಳಲಿಲ್ಲ.

ಉಕ್ಕಿನ ಅಷ್ಟು ದೊಡ್ಡ ಕಟ್ಟಡ ಅಷ್ಟು ಬೇಗ ಬೀಳಲು ಕಾರಣವಿದೆ. ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಗಾಳಿಯಲ್ಲಿ ಅದರ ಪ್ರಮಾಣ ಶೇ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಕೊಳವೆಯೊಳಗೆ ಅನಿಲ ಭಾರಿ ಒತ್ತಡದಲ್ಲಿ ಇರುವುದರಿಂದ ಸಣ್ಣ ಬಿರುಕಿನಿಂದಲೂ ಉರಿ ಚಿಮ್ಮಿ ಬರುತ್ತದೆ. ಆ ಉರಿ ಪಕ್ಕದ ಕೊಳವೆಯನ್ನು ಕಾಯಿಸಿ ಒಡೆಯುತ್ತದೆ, ಅಲ್ಲಿಂದ ಮತ್ತೊಂದು ಉರಿ ಹೊರಡುತ್ತದೆ. ಉಕ್ಕು ಕರಗಬೇಕೆಂದೂ ಇಲ್ಲ. 600 ಡಿಗ್ರಿ ಸೆಲ್ಸಿಯಸ್‌ ಹೊತ್ತಿಗೆ ಅದು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ಬೆಂಕಿ ಹತ್ತಿದ ಮೇಲೆ ಮನುಷ್ಯನ ಕೈಯಲ್ಲಿ ಉಳಿಯುವುದು ನಿಮಿಷಗಳು ಮಾತ್ರ. ಆದ್ದರಿಂದ ಇಂಥಲ್ಲಿ ಸುರಕ್ಷತೆಯ ಕೆಲಸವೆಲ್ಲ ಬೆಂಕಿಗೆ ಮೊದಲೇ ಆಗಬೇಕು. ಆ ಕೆಲಸದಲ್ಲಿ ವರದಿಗೆ ದೊಡ್ಡ ಪಾತ್ರವಿದೆ.

ಇದನ್ನು ಜಗತ್ತು ಕಲಿತದ್ದು 1988ರ ಜುಲೈ 6ರ ರಾತ್ರಿ, ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ. ಅಲ್ಲಿ ಒಂದು ಪಂಪ್ ದುರಸ್ತಿಯಲ್ಲಿತ್ತು. ಅದರ ಸುರಕ್ಷತಾ ವಾಲ್ವ್ ಅನ್ನು ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ಮುಚ್ಚಳ ಹಾಕಿದ್ದರು. ಹಗಲು ಪಾಳಿ ಮುಗಿಯಿತು. ವಾಲ್ವ್ ಇಲ್ಲ ಎಂಬ ಸುದ್ದಿ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತುಹೋದಾಗ ಅವರು ಈ ಪಂಪನ್ನೇ ಚಾಲೂ ಮಾಡಿದರು. ಮುಚ್ಚಳದ ಸಂದಿಯಿಂದ ಸೋರಿದ್ದು ಸ್ಫೋಟವಾಯಿತು. ಅಕ್ಕಪಕ್ಕದ ವೇದಿಕೆಗಳು ಬೆಂಕಿ ಕಂಡ ಮೇಲೂ ತೈಲ, ಅನಿಲ ಹರಿಸುತ್ತಲೇ ಇದ್ದವು. 167 ಮಂದಿ ಸತ್ತರು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ ಕಾಯುವವನು ನಡುರಾತ್ರಿ ಮನೆಗೆ ಹೊರಡುವಾಗ, ಬಿಸಿಗಾಳಿಯ ಕೊಳವೆ ಒಂದು ಕಡೆ ಬಿರಿದಿದೆ ಎಂದು ಮುಂದಿನವನಿಗೆ ಹೇಳದಿದ್ದರೆ, ಒಳಗಿರುವ ಸೊಪ್ಪೆಲ್ಲ ಬೂದಿಯಾದೀತು.

ಲಾರ್ಡ್ ಕಲೆನ್ ನೇತೃತ್ವದ ವಿಚಾರಣೆ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟಿತು. ಅವುಗಳಿಂದ ಮೂರು ದೊಡ್ಡ ಬದಲಾವಣೆಗಳು ಬಂದವು. ಮೊದಲನೆಯದು, ಕಂಪನಿಯೇ ತನ್ನ ವೇದಿಕೆಯ ಅಪಾಯಗಳನ್ನೆಲ್ಲ ಗುರುತಿಸಿ, ಅವನ್ನು ಹೇಗೆ ತಡೆಯುತ್ತೇನೆ ಎಂದು ಬರೆದು ಸರ್ಕಾರದ ಒಪ್ಪಿಗೆ ಪಡೆಯಬೇಕು. ಎರಡನೆಯದು, ಅನಿಲ ಮತ್ತು ತೈಲದ ಸೋರಿಕೆಗಳನ್ನು ಯಾರಿಗೂ ಗಾಯವಾಗದಿದ್ದರೂ ವರದಿ ಮಾಡಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸುರಕ್ಷತೆಯ ಮೇಲ್ವಿಚಾರಣೆಯನ್ನು ಇಂಧನ ಇಲಾಖೆಯಿಂದ ತೆಗೆದು ಬೇರೆ ಸಂಸ್ಥೆಗೆ ಕೊಡಲಾಯಿತು. ತೈಲ ಹೆಚ್ಚು ಬರಲಿ ಎಂದು ಬಯಸುವ ಇಲಾಖೆಯೇ, ಇವತ್ತು ಕೆಲಸ ನಿಲ್ಲಿಸಿ ಎಂದು ಹೇಳುವುದು ಕಷ್ಟ.

ಭಾರತದಲ್ಲಿ ಮುಂಬೈ ಹೈ, ಅಂದರೆ ಆಗಿನ ಬಾಂಬೆ ಹೈ, ತೈಲ 1974ರಲ್ಲಿ ಪತ್ತೆಯಾಯಿತು. 1976ರಲ್ಲಿ ಉತ್ಪಾದನೆ ಶುರುವಾಯಿತು. ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ, ಅಂದರೆ ಒಐಎಸ್‌ಡಿ, ಹುಟ್ಟಿದ್ದು 1986ರಲ್ಲಿ. ಕಡಲಿನ ತೈಲ ಕೆಲಸಕ್ಕೆಂದೇ ಸುರಕ್ಷತಾ ನಿಯಮಗಳು ಬಂದದ್ದು ಮುಂಬೈ ಹೈ ದುರಂತವಾದ ಮೂರು ವರ್ಷಗಳ ಬಳಿಕ, 2008ರಲ್ಲಿ. ಅಪಾಯದ ಲೆಕ್ಕಾಚಾರ, ಕೆಲಸದ ಪರ್ಮಿಟ್, ತುರ್ತು ಯೋಜನೆ, ಘಟನೆಗಳ ವರದಿ ಎಲ್ಲವೂ ಅಲ್ಲಿಂದ ಕಾನೂನಿನ ಹೊಣೆಯಾದವು. ನೋಡಿಕೊಳ್ಳುವ ಅಧಿಕಾರ ಒಐಎಸ್‌ಡಿಗೆ ಬಂತು. ಆದರೆ ಒಐಎಸ್‌ಡಿ ಇರುವುದು ಪೆಟ್ರೋಲಿಯಂ ಸಚಿವಾಲಯದ ಕೆಳಗೆ. ಒಎನ್‌ಜಿಸಿಯೂ ಅದೇ ಸಚಿವಾಲಯದ ಅಧೀನದಲ್ಲಿದೆ. ಬ್ರಿಟನ್ ಮೂರೂವರೆ ದಶಕದ ಹಿಂದೆ ಬಿಚ್ಚಿದ ಈ ಗಂಟನ್ನು ನಾವೂ ಬಿಚ್ಚಬೇಕು.

ವರದಿ ಎಷ್ಟು ಬೇಗ ಹೋಗಬೇಕು, ಅದರಲ್ಲಿ ಏನಿರಬೇಕು ಎಂಬುದಕ್ಕೆ ಅಮೆರಿಕದ ನಿಯಮ ಒಂದು ಉದಾಹರಣೆ. ಸಾವು, ಬೆಂಕಿ, ಸ್ಫೋಟ, ಬಾವಿಯ ಮೇಲೆ ಹತೋಟಿ ತಪ್ಪುವುದು ಇಂಥವನ್ನು ಕಂಪನಿ ತಕ್ಷಣ ಬಾಯಿಮಾತಿನಲ್ಲಿ ತಿಳಿಸಬೇಕು. 15 ದಿನಗಳೊಳಗೆ ಬರೆದು ಕೊಡಬೇಕು. ಆದರೂ ಅದೇ ದೇಶದಲ್ಲಿ 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಮಂದಿ ಸತ್ತರು. ಮೆಕ್ಸಿಕೊ ಕೊಲ್ಲಿಗೆ 87 ದಿನ ತೈಲ ಹರಿಯಿತು. ಆ ದಿನ ಸಂಬಂಧಪಟ್ಟ ಕಂಪನಿಗಳ ಹಿರಿಯ ಅಧಿಕಾರಿಗಳು ರಿಗ್‌ನಲ್ಲೇ ಇದ್ದರು. ಕೆಲಸ ತಪ್ಪುವಂಥ ಗಾಯ ಯಾರಿಗೂ ಆಗದೆ ಏಳು ವರ್ಷ ಕಳೆದುದಕ್ಕೆ ಸಿಬ್ಬಂದಿಯನ್ನು ಅಭಿನಂದಿಸುವುದೂ ಅವರ ಭೇಟಿಯ ಉದ್ದೇಶವಾಗಿತ್ತು.

ಏಳು ವರ್ಷದ ಆ ದಾಖಲೆ ಸುಳ್ಳಲ್ಲ. ಆದರೆ ಅದು ಅಳೆದದ್ದು ಜಾರಿಬಿದ್ದ ಕಾಲನ್ನು, ಜಜ್ಜಿದ ಬೆರಳನ್ನು. ಬಾವಿಯೊಳಗಿನ ಒತ್ತಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಾಗೆಂದು ಸೂಚನೆಗಳೇ ಇರಲಿಲ್ಲವೆಂದಲ್ಲ. ಅದೇ ಬಾವಿಯಲ್ಲಿ ಮಾರ್ಚ್ 8ರಂದು ಅನಿಲ ಒಳನುಗ್ಗಿದ್ದನ್ನು ಗುರುತಿಸಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಿಡಿದಿತ್ತು. 2009ರ ಡಿಸೆಂಬರ್‌ನಲ್ಲಿ, ರಿಗ್‌ನ ಒಡೆತನವಿದ್ದ ಕಂಪನಿಯದೇ ಇನ್ನೊಂದು ರಿಗ್‌ನಲ್ಲಿ, ಉತ್ತರ ಸಮುದ್ರದಲ್ಲಿ, ಬಹುತೇಕ ಇದೇ ಬಗೆಯ ಅವಘಡ ಕೂದಲೆಳೆಯಲ್ಲಿ ತಪ್ಪಿತ್ತು. ಆ ಪಾಠವನ್ನು ಕಂಪನಿ ಬರೆದುಕೊಂಡಿತು ಕೂಡ. ಡೀಪ್‌ವಾಟರ್ ಹೊರೈಜನ್‌ನ ಸಿಬ್ಬಂದಿಗೆ ಮಾತ್ರ ಅದು ತಲುಪಲಿಲ್ಲ. ಬರೆಯುವುದು ಅರ್ಧ ಕೆಲಸ. ಬೇಕಾದವನ ಕೈಗೆ ಅದು ಹೊತ್ತಿಗೆ ಸರಿಯಾಗಿ ಸೇರುವುದು ಉಳಿದರ್ಧ.

ಈ ದುರಂತದ ಬಳಿಕ ಅಮೆರಿಕವೂ ತೈಲದ ಆದಾಯ ನೋಡುವ ಕಚೇರಿಯಿಂದ ಸುರಕ್ಷತಾ ವಿಭಾಗವನ್ನು ಬೇರ್ಪಡಿಸಿತು. ತಪ್ಪಿಹೋದ ಅವಘಡಗಳನ್ನು ಕಂಪನಿಗಳು ಗುಟ್ಟಾಗಿ ತಿಳಿಸಬಹುದಾದ ಒಂದು ವ್ಯವಸ್ಥೆಯನ್ನೂ ಮಾಡಿತು. ಆ ವರದಿಗಳನ್ನು ಪಡೆಯುವುದು ದಂಡ ಹಾಕುವ ಇಲಾಖೆಯಲ್ಲ, ಸಾರಿಗೆ ಅಂಕಿಅಂಶಗಳ ಕಚೇರಿ. ಬರೆದರೆ ತನಗೇ ಶಿಕ್ಷೆ ಎಂಬ ಭಯವಿದ್ದರೆ ಯಾರೂ ಬರೆಯುವುದಿಲ್ಲ. ನಾರ್ವೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅನಿಲ ಸೋರಿಕೆ, ಬಾವಿಯ ಅವಘಡ, ವೇದಿಕೆಯತ್ತ ನುಗ್ಗಿಬಂದ ಹಡಗು ಇವೆಲ್ಲವುಗಳ ಲೆಕ್ಕವನ್ನು ಅದು ಪ್ರತಿ ವರ್ಷ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ.

ಕರ್ನಾಟಕದ ಕಡಲಲ್ಲಿ ತೈಲ ತೆಗೆಯುವ ವೇದಿಕೆಗಳಿಲ್ಲ. ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ಗಾಗಿ ದೊಡ್ಡ ಹಡಗುಗಳು ಕಡಲಲ್ಲೇ ನಿಂತು ಕಚ್ಚಾತೈಲ ಇಳಿಸುವ ತಾಣವಿದೆ. ಮಂಗಳೂರು ಮತ್ತು ಪಾದೂರಿನಲ್ಲಿ ನೆಲದಡಿಯ ತೈಲ ಸಂಗ್ರಹಾಗಾರಗಳಿವೆ. ನಮ್ಮ ಮೈಸೂರು ಜಿಲ್ಲೆಯ ಸುತ್ತ, ಸಣ್ಣ ಸೂಚನೆಯನ್ನೂ ಬರೆದಿಟ್ಟು ತಲುಪಿಸುವ ಇದೇ ವಿಜ್ಞಾನ ಬೇಕಾಗಿರುವುದು ಅಣೆಕಟ್ಟುಗಳಿಗೆ. ಹೆಗ್ಗಡದೇವನಕೋಟೆ ಬಳಿ 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಜಲಾಶಯದಲ್ಲಿ 19.52 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಿಗೆ ನಾಲೆಯಲ್ಲಿ ನೀರು ಕೊಡುವ, ಪಕ್ಕದ ಕೊಡಗಿನ ಹಾರಂಗಿ ಜಲಾಶಯದಲ್ಲಿ 8.5 ಟಿಎಂಸಿ ಅಡಿ. ತೈಲ ವೇದಿಕೆಯಲ್ಲಿ ಅನಿಲದ ಒತ್ತಡವಾದರೆ ಇಲ್ಲಿ ನೀರಿನ ಒತ್ತಡ. ಒಂದು ಗೇಟಿನ ಸರಪಳಿ ಸವೆಯುವುದು, ಕಟ್ಟೆಯಡಿ ಜಿನುಗುವ ನೀರು ಕೆಂಪಾಗುವುದು ಇಂಥ ಸಣ್ಣ ಸಂಗತಿಗಳೇ ಮೊದಲ ಸೂಚನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅದೇ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ ತಪಾಸಣೆ ಆಗಬೇಕು, ಕಾಯ್ದೆಯ ವ್ಯಾಪ್ತಿಗೆ ಬರುವ ಪ್ರತಿ ಅಣೆಕಟ್ಟಿಗೂ ಲಾಗ್‌ಬುಕ್ ಇರಬೇಕು, ಐದು ವರ್ಷಗಳೊಳಗೆ ತುರ್ತು ಕ್ರಿಯಾ ಯೋಜನೆ ಮತ್ತು ಸಮಗ್ರ ಸುರಕ್ಷತಾ ಮೌಲ್ಯಮಾಪನ ಆಗಬೇಕು ಎಂದು ಅದು ಹೇಳುತ್ತದೆ. ಆ ಐದು ವರ್ಷದ ಗಡುವು 2026ರ ಡಿಸೆಂಬರ್. ಕಾನೂನು ಚೆನ್ನಾಗಿಯೇ ಇದೆ. ಆದರೆ ತಪಾಸಣೆಯ ವರದಿ ಕಚೇರಿಯಿಂದ ಕಚೇರಿಗೆ ಓಡಾಡಿ ಕಪಾಟು ಸೇರಿದರೆ, ನದಿಯ ಕೆಳಗಿನ ಊರಿಗೆ ಅದರಿಂದ ಏನೂ ಆಗದು.

ಕಬಿನಿಯ ಕೆಳಗಿನ ಹಳ್ಳಿಗಳವರು, ಕುಶಾಲನಗರದಿಂದ ಕೃಷ್ಣರಾಜನಗರ ಬಳಿಯ ಚುಂಚನಕಟ್ಟೆವರೆಗೆ, ಹಾರಂಗಿಯ ನೀರು ಸೇರುವ ಕಾವೇರಿಯ ದಡದಲ್ಲಿ ಬಾಳುವವರು ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನು ಕೇಳಬೇಕು: ಕಳೆದ ಮುಂಗಾರಿನ ಮುಂಚಿನ ತಪಾಸಣೆಯಲ್ಲಿ ಏನು ಕಂಡಿತು? ಕಂಡ ದೋಷ ಸರಿಯಾಯಿತೇ? ತುರ್ತು ಯೋಜನೆಯಲ್ಲಿ ನಮ್ಮ ಊರಿಗೆ ಸುದ್ದಿ ಮುಟ್ಟಿಸುವವರು ಯಾರು? ಉತ್ತರ ಕನ್ನಡದಲ್ಲಿ, ಬರವಣಿಗೆಯಲ್ಲಿ ಸಿಗಬೇಕು. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕೇಳಬೇಕು. ಸೋರಿಕೆಯನ್ನು ಬರೆದಿಟ್ಟ ಎಂಜಿನಿಯರನ್ನು ದೂರದೆ ಬೆಂಬಲಿಸುವುದೂ ನಮ್ಮದೇ ಹೊಣೆ.