ಮನೆಯ ಮರಗೆಲಸಕ್ಕೆ ಬ್ಯಾಟರಿ ಚಕ್ರಗರಗಸ: ಆಯ್ಕೆಯ ವಿಧಾನ

ರೈತನ ಮನೆಯಲ್ಲಿ ಮರಗೆಲಸಕ್ಕೆ ಕೊನೆಯೆಂಬುದಿಲ್ಲ. ಕೊಟ್ಟಿಗೆಯ ಗೋದಲಿ ಮುರಿದಿರುತ್ತದೆ, ಮಾಡಿನ ರೀಪಿಗೆ ಗೆದ್ದಲು ಹಿಡಿದಿರುತ್ತದೆ, ಕೋಳಿಗೂಡಿಗೆ ಬಾಗಿಲು ಬೇಕಾಗಿರುತ್ತದೆ. ಇಂಥ ಚಿಲ್ಲರೆ ಕೆಲಸಕ್ಕೆ ಬೇಕೆಂದ ದಿನ ಬಡಗಿ ಸಿಗುವುದು ಕಷ್ಟ. ಆದುದರಿಂದ ಅನೇಕ ರೈತರು ಈಗ ಬ್ಯಾಟರಿಯಿಂದ ನಡೆಯುವ ಚಕ್ರಗರಗಸವನ್ನು ಕೊಳ್ಳುತ್ತಿದ್ದಾರೆ. ಅಂಗಡಿಗಳಲ್ಲಿ ಇದಕ್ಕೆ ‘ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ’ ಎಂದು ಹೆಸರು. ಆದರೆ ಪೆಟ್ಟಿಗೆಯ ಮೇಲಿನ ವೋಲ್ಟ್ ಸಂಖ್ಯೆಯೊಂದನ್ನೇ ನೋಡಿ ಕೊಂಡವರಿಗೆ ಹಣವೂ ನಷ್ಟ, ಕೆಲವೊಮ್ಮೆ ಕೈಗೂ ಅಪಾಯ. ಬೀಜ ಕೊಳ್ಳುವ ಮೊದಲು ಹೊಲವನ್ನು ನೋಡುವಂತೆ, ಗರಗಸ ಕೊಳ್ಳುವ ಮೊದಲು ನಿಮ್ಮ ಕೆಲಸವನ್ನು ಅಳೆದು ನೋಡಬೇಕು.

ಯಾರಿಗೆ ಇದು ಸೂಕ್ತ?

ವರ್ಷಕ್ಕೆ ಹತ್ತಾರು ರೀಪು ಕತ್ತರಿಸುವಷ್ಟೇ ಕೆಲಸವಿದ್ದರೆ ಹಲ್ಲು ಮಸೆದ ಕೈಗರಗಸವೇ ಸಾಕು. ಮನೆಯ ಅಂಗಳದಲ್ಲೇ ಕೆಲಸ, ವಿದ್ಯುತ್ತೂ ಸರಿಯಾಗಿ ಸಿಗುತ್ತದೆ ಎನ್ನುವವರಿಗೆ ತಂತಿಯ ಚಕ್ರಗರಗಸ ಲಾಭದಾಯಕ. ಅದಕ್ಕೆ ಬೆಲೆ ಕಡಿಮೆ, ಬ್ಯಾಟರಿ ಬದಲಿಸುವ ಖರ್ಚಿಲ್ಲ. ತೋಟದ ಮನೆಯಲ್ಲಿ, ಮಾಡಿನ ಮೇಲೆ, ಪ್ಲಗ್ ಪಾಯಿಂಟ್ ಇಲ್ಲದ ಕೊಟ್ಟಿಗೆಯಲ್ಲಿ ಕೆಲಸ ಮಾಡಬೇಕಾದವರಿಗೆ ಮಾತ್ರ ಬ್ಯಾಟರಿ ಗರಗಸದಿಂದ ನಿಜವಾದ ಅನುಕೂಲ.

ಒಂದು ಮಾತು ಖಂಡಿತ. ಇದು ಹಲಗೆ, ರೀಪು, ಪ್ಲೈವುಡ್ ಕತ್ತರಿಸುವ ಯಂತ್ರ. ಸೌದೆ ಸೀಳಲು, ಹಸಿ ಕೊಂಬೆ ಕಡಿಯಲು ಇದನ್ನು ಬಳಸಕೂಡದು. ದುಂಡನೆಯ ಮರ ಉರುಳಿ ಬ್ಲೇಡನ್ನು ಹಿಡಿದುಕೊಳ್ಳುತ್ತದೆ.

ಬ್ಲೇಡಿನ ಅಳತೆ

ಬ್ಲೇಡಿನ ವ್ಯಾಸದ ಅರ್ಧದಷ್ಟು ದಪ್ಪದ ಮರ ಕತ್ತರಿಸಬಹುದೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ನಡುವಿನ ಬಿಲ್ಲೆ ಮತ್ತು ಮೋಟಾರಿನ ಕವಚ ಸ್ವಲ್ಪ ಜಾಗ ತಿನ್ನುತ್ತವೆ. ಸಾಮಾನ್ಯವಾಗಿ ದೊರೆಯುವ ಆಳ ಹೀಗಿದೆ:

1. 136ರಿಂದ 140 ಮಿ.ಮೀ. ಬ್ಲೇಡು: ಸುಮಾರು 40ರಿಂದ 50 ಮಿ.ಮೀ. ಪ್ಲೈವುಡ್ ಮತ್ತು ತೆಳು ಹಲಗೆಗೆ ಸಾಕು, ಯಂತ್ರ ಹಗುರ.

2. 165 ಮಿ.ಮೀ. ಬ್ಲೇಡು: ಸುಮಾರು 55 ಮಿ.ಮೀ.; 45 ಡಿಗ್ರಿ ಓರೆಗೆ ಸುಮಾರು 40 ಮಿ.ಮೀ.

3. 184ರಿಂದ 190 ಮಿ.ಮೀ. ಬ್ಲೇಡು: ಸುಮಾರು 65 ಮಿ.ಮೀ. ಯಂತ್ರ ಭಾರ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ.

ರೈತರ ಮನೆಯ ಬಹುಪಾಲು ಕೆಲಸಕ್ಕೆ 165 ಮಿ.ಮೀ. ಬ್ಲೇಡಿನ ಗರಗಸ ಉತ್ತಮ. ಮೂರು ಅಂಗುಲ ಅಗಲ, ಎರಡು ಅಂಗುಲ ದಪ್ಪದ ತುಂಡನ್ನು ಮಲಗಿಸಿ ಇಟ್ಟರೆ ಒಂದೇ ಬಾರಿಗೆ ಕತ್ತರಿಸಬಹುದು. ನಾಲ್ಕು ಅಂಗುಲಕ್ಕೆ ಮೂರು ಅಂಗುಲದ ಬಾಗಿಲ ಚೌಕಟ್ಟಿನ ಮರವಾದರೆ ಮೂಲೆಮಟ್ಟದಿಂದ ಸುತ್ತಲೂ ಗೆರೆ ಎಳೆದು, ಎರಡು ಕಡೆಯಿಂದ ಕತ್ತರಿಸಿದರಾಯಿತು.

ಬ್ಲೇಡಿನ ಹಲ್ಲುಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿ ಇರಬೇಕು. 24 ಹಲ್ಲಿನ ಬ್ಲೇಡು ಎಳೆಯ ಉದ್ದಕ್ಕೆ ಸೀಳಲು ಮತ್ತು ಒರಟು ಕೆಲಸಕ್ಕೆ, 40 ಹಲ್ಲಿನದು ಪ್ಲೈವುಡ್‌ಗೆ ಮತ್ತು ನಯವಾದ ಅಡ್ಡ ಕತ್ತರಿಕೆಗೆ ಯೋಗ್ಯ. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕತ್ತರಿಸುವುದರಿಂದ ಮರದ ಮೇಲ್ಮೈಯಲ್ಲಿ ಸಿಬಿರು ಏಳುತ್ತದೆ. ಆದುದರಿಂದ ಹಲಗೆಯ ಒಳ್ಳೆಯ ಮುಖವನ್ನು ಕೆಳಗೆ ಮಾಡಿ ಇಡಬೇಕು. ಹಳೆಯ ತೊಲೆಯನ್ನು ಕತ್ತರಿಸುವ ಮೊದಲು ಮೊಳೆಗಳನ್ನೆಲ್ಲ ಕೀಳಬೇಕು.

ಬ್ಯಾಟರಿಯ ಲೆಕ್ಕ

ಒಂದು ಪೆಟ್ಟಿಗೆಯ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ ‘20 ವೋಲ್ಟ್ ಮ್ಯಾಕ್ಸ್’ ಎಂದಿದ್ದರೆ ಎರಡನೆಯದು ಬಲಶಾಲಿಯೆಂದು ಭಾವಿಸಬೇಡಿ. ಎರಡರಲ್ಲೂ ಸರಣಿಯಾಗಿ ಜೋಡಿಸಿದ ಐದು ಲಿಥಿಯಂ ಕೋಶಗಳ ಲೆಕ್ಕವೇ ಇರುತ್ತದೆ. ಪ್ರತಿ ಕೋಶದ ಸರಾಸರಿ 3.6 ವೋಲ್ಟನ್ನು ಹಿಡಿದರೆ 18. ತುಂಬ ಚಾರ್ಜ್ ಆದಾಗಿನ ಸುಮಾರು 4 ವೋಲ್ಟನ್ನು ಹಿಡಿದರೆ 20. ಒಂದೇ ರಾಶಿಯನ್ನು ಎರಡು ಕೊಳಗದಲ್ಲಿ ಅಳೆದಂತೆ.

ನೋಡಬೇಕಾದುದು ಆಂಪಿಯರ್-ಅವರ್ ಸಂಖ್ಯೆಯನ್ನು. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವಾಟ್-ಗಂಟೆ, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವಾಟ್-ಗಂಟೆ ಶಕ್ತಿ ಇರುತ್ತದೆ. ನಾವು ಬಿಲ್ಲು ಕಟ್ಟುವ ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ. ಅಂದರೆ ದೊಡ್ಡ ಬ್ಯಾಟರಿಯಲ್ಲಿಯೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಇಲ್ಲ. ದಿನವಿಡೀ ಸಾಗುವಾನಿ ಸೀಳುವ ಕೆಲಸಕ್ಕೆ ಇದು ಆಗದು. ಸಣ್ಣ ಬ್ಯಾಟರಿ ಬೇಗ ಖಾಲಿಯಾಗುವುದಷ್ಟೇ ಅಲ್ಲ; ಕಿರಿದಾದ ಪೈಪು ದೊಡ್ಡ ಪಂಪಿಗೆ ನೀರೊದಗಿಸಲಾರದಂತೆ, ಗಟ್ಟಿ ಮರದಲ್ಲಿ ಮೋಟಾರು ಕೇಳುವ ವಿದ್ಯುತ್ತನ್ನು ಕೊಡಲಾರದೆ ಬಿಸಿಯಾಗುತ್ತದೆ. ಗರಗಸಕ್ಕೆ 4 ಅಥವಾ 5 ಆಂಪಿಯರ್-ಅವರ್ ಬ್ಯಾಟರಿಯೇ ತಕ್ಕುದು.

ಬೆಲೆ ಕೇಳುವಾಗ ಬ್ಯಾಟರಿ, ಚಾರ್ಜರ್ ಸೇರಿದೆಯೇ ಎಂದು ಕೇಳಿ; ಬರಿಯ ಯಂತ್ರದ ಬೆಲೆಯನ್ನೇ ಹೇಳುವುದುಂಟು. ಮನೆಯಲ್ಲಿ ಈಗಾಗಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಬ್ಯಾಟರಿ ಕೂಡುವ ಗರಗಸವನ್ನು ಆರಿಸಿದರೆ ಉಳಿತಾಯ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಸೊರಗುತ್ತದೆ. ಆದುದರಿಂದ ಸೇವಾಕೇಂದ್ರವು ನಿಮ್ಮ ಜಿಲ್ಲೆಯಲ್ಲಿರುವ ತಯಾರಕರದ್ದನ್ನೇ ಕೊಳ್ಳಿರಿ. ಬೇಸಿಗೆಯಲ್ಲಿ ಬ್ಯಾಟರಿಯನ್ನು ಬಿಸಿಲಿಗೆ, ಟ್ರ್ಯಾಕ್ಟರಿನ ಮೇಲೆ ಬಿಡಕೂಡದು. ಬಿಸಿಯಾದುದನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ.

ಕಾರ್ಬನ್ ಬ್ರಷ್ ಇಲ್ಲದ ಮೋಟಾರಿನ ಗರಗಸಕ್ಕೆ ಬೆಲೆ ಹೆಚ್ಚು. ಆದರೆ ಅದೇ ಚಾರ್ಜಿನಲ್ಲಿ ಹೆಚ್ಚು ಕೆಲಸ ಆಗುತ್ತದೆ, ಸವೆಯುವ ಬ್ರಷ್ಷೂ ಇಲ್ಲ. ಹೆಚ್ಚು ಬಳಸುವವರಿಗೆ ಇದು ಲಾಭವೇ.

ಗಾರ್ಡು: ಎಲ್ಲಕ್ಕಿಂತ ಮುಖ್ಯ

ಗರಗಸದ ಕೆಳಭಾಗದಲ್ಲಿ, ಕತ್ತರಿಸುವಾಗ ಹಿಂದಕ್ಕೆ ಸರಿದು ಮರ ಬಿಟ್ಟೊಡನೆ ತಾನಾಗಿ ಮುಚ್ಚುವ ಗಾರ್ಡು ಇರುತ್ತದೆ. ಕೆಲವರು ಅಡ್ಡಿಯೆಂದು ಅದನ್ನು ತಂತಿಯಿಂದ ಬಿಗಿದು ಕಟ್ಟುತ್ತಾರೆ. ಇನ್ನು ಕೆಲವರು ಖರ್ಚು ಉಳಿಸಲು ಕಲ್ಲು ಕತ್ತರಿಸುವ ನಾಲ್ಕು ಅಂಗುಲದ ಮಾರ್ಬಲ್ ಕಟರ್‌ಗೆ ಹಲ್ಲಿನ ಬ್ಲೇಡು ಹಾಕಿ ಮರ ಕೊಯ್ಯುತ್ತಾರೆ. ಅದರಲ್ಲಿ ಇಂಥ ಗಾರ್ಡೇ ಇಲ್ಲ. ವೇಗವೋ ನಿಮಿಷಕ್ಕೆ 12,000 ಸುತ್ತು ಅಥವಾ ಅದಕ್ಕೂ ಮೇಲೆ. ಬ್ಯಾಟರಿ ಗರಗಸದ್ದು ಸಾಮಾನ್ಯವಾಗಿ 5,000ದ ಆಸುಪಾಸು ಅಥವಾ ಕಡಿಮೆ. ಈ ಪದ್ಧತಿಯನ್ನು ಇಂದೇ ಬಿಡಬೇಕು.

ಈ ಲೇಖಕನೂ ಒಮ್ಮೆ ಪಾಠ ಕಲಿತಿದ್ದಾನೆ. ಪೂರ್ತಿ ಒಣಗದ ಸಿಲ್ವರ್ ಓಕ್ ಹಲಗೆಯ ಎರಡು ತುದಿಗಳನ್ನು ಎರಡು ಕಲ್ಲುಗಳ ಮೇಲಿಟ್ಟು ನಡುವೆ ಕತ್ತರಿಸುತ್ತಿದ್ದೆ. ಅರ್ಧ ಕತ್ತರಿಸುವಷ್ಟರಲ್ಲಿ ಹಲಗೆ ನಡುವೆ ಬಾಗಿ ಬ್ಲೇಡನ್ನು ಕಚ್ಚಿತು. ಯಂತ್ರ ನನ್ನ ತೊಡೆಯ ಕಡೆಗೆ ಒದೆಯಿತು. ಗಾರ್ಡು ಮುಚ್ಚಿಕೊಂಡದ್ದರಿಂದ ಪಂಚೆ ಹರಿಯಿತು, ಕಾಲು ಉಳಿಯಿತು. ಆ ದಿನ ನಾನು ಮಾಡಿದ ತಪ್ಪು ಮೂರು: ಹಸಿ ಮರ, ತಪ್ಪು ಆಸರೆ, ಜೋಲುವ ಬಟ್ಟೆ.

ಆದುದರಿಂದ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸಿ:

1. ಕತ್ತರಿಸಿದ ತುಂಡು ತಾನಾಗಿ ಕೆಳಗೆ ಬೀಳುವಂತೆ ಆಸರೆ ಕೊಡಿ. ಉಳಿಯುವ ಭಾಗವನ್ನು ಬಿಗಿಯಾಗಿ ಹಿಡಿಸಿ.

2. ಬ್ಲೇಡು ಮರದ ಕೆಳಗೆ 5-6 ಮಿ.ಮೀ. ಮಾತ್ರ ಹೊರಬರುವಂತೆ ಆಳ ಹೊಂದಿಸಿ.

3. ಯಂತ್ರದ ನೇರ ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು, ಎರಡೂ ಕೈಗಳಿಂದ ಹಿಡಿಯಿರಿ.

4. ಬ್ಲೇಡು ಬದಲಿಸುವಾಗ ಮೊದಲು ಬ್ಯಾಟರಿಯನ್ನು ಬಿಚ್ಚಿ.

5. ಕನ್ನಡಕ ಮತ್ತು ಧೂಳಿನ ಮುಖವಾಡ ಧರಿಸಿ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ವರ್ಗೀಕರಿಸಿದೆ.

6. ಮಕ್ಕಳಿರುವ ಮನೆಯಲ್ಲಿ ಬ್ಯಾಟರಿಯನ್ನು ಬೇರೆ ತೆಗೆದು ಬೀಗದೊಳಗಿಡಿ.

ಅಂಗಡಿಯಲ್ಲಿ ಪರೀಕ್ಷೆ

ಕೊಳ್ಳುವಾಗ ಬ್ಯಾಟರಿ ಹಾಕಿಸಿಯೇ ಯಂತ್ರವನ್ನು ಎತ್ತಿ ನೋಡಿ. ಭಾರ ತಿಳಿಯುವುದು ಆಗಲೇ. ನಂತರ ಬ್ಯಾಟರಿ ತೆಗೆಸಿ, ಗಾರ್ಡನ್ನು ಹಿಂದಕ್ಕೆ ಸರಿಸಿ ಬಿಡಿ. ಅದು ತಡವಿಲ್ಲದೆ ಮುಚ್ಚಬೇಕು. ತಳದ ಫಲಕಕ್ಕೂ ಬ್ಲೇಡಿಗೂ ಮೂಲೆಮಟ್ಟ ಹಿಡಿದು ನೋಡಿ. ಬ್ಯಾಟರಿ ಹಾಕಿಸಿ ಓಡಿಸಿ ಸ್ವಿಚ್ ಬಿಟ್ಟಾಗ ಬ್ಲೇಡು ಬೇಗ ನಿಲ್ಲುವ ಬ್ರೇಕ್ ಇರುವುದು ಒಳ್ಳೆಯದು. ಗಾರ್ಡು ಸರಿಯಿಲ್ಲದ ಗರಗಸವನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಯಂತ್ರ ಕೆಟ್ಟರೆ ಬೇರೊಂದು ಸಿಕ್ಕೀತು. ನೇಗಿಲು ಹಿಡಿಯುವ ಕೈಗೆ ಬದಲಿ ಕೈ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.