ಒಂದು ಹಗಲಿನ ಹುಳಿ, ಇಪ್ಪತ್ತು ವರ್ಷದ ಹುಳಿ

ಕಾರ್ಕ್ ‘ಪಟ್’ ಅಂದದ್ದೇ ತಡ, ಪಡಸಾಲೆಯಲ್ಲಿ ಕೂತಿದ್ದ ಮಾಮಾ ತಲೆ ಎತ್ತಿ ಮೂಗರಳಿಸಿದರು. “ಏನಪ ಇದು, ಸೇಂದಿ ವಾಸನಿ ಬರ್ಲಿಕತ್ತಾದಲ್ಲ?”

ನನ್ನ ಕೈಯಲ್ಲಿದ್ದದ್ದು ಸೇಂದಿಯಲ್ಲ. ಬ್ರಸೆಲ್ಸ್‌ನಿಂದ ಬಂದ ಬೀರು, ಗೂಝ್ ಎಂಬ ಹುಳಿ ಬೀರು. ಎಳ್ಳಮಾವಾಸ್ಯೆ ಮುಗಿದು ವಾರವಾಗಿತ್ತು, ಸೈದಾಪುರದ ಗಾಳಿಯಲ್ಲಿ ಇನ್ನೂ ಚಳಿಯಿತ್ತು. ಮಾಮಾಗೆ ಎಂಬತ್ತು ದಾಟಿದೆ. ರಾಯಚೂರು, ಯಾದಗಿರಿ, ಗಡಿಯಾಚೆಯ ನಾರಾಯಣಪೇಟೆ, ಇಷ್ಟೇ ಅವರ ಓಡಾಟ. ಎರಡು ಗುಟುಕು ಕುಡಿದರು, ಕಣ್ಣು ಮುಚ್ಚಿದರು, ಲೋಟ ಕೆಳಗಿಟ್ಟರು. “ಸೇಂದಿನೇ ಅದ ನೋಡು. ಆದ್ರ ಇದಕ್ಕ ವಯಸ್ಸಾಗ್ಯಾದ.”

ಮೈ ಜುಮ್ಮೆಂದಿತು! ಎರಡು ವರ್ಷದಿಂದ ಈ ಬೀರಿನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತ ಬಂದ ನಾನು ಕಷ್ಟಪಟ್ಟು ಮುಟ್ಟಿದ ಮಾತಿಗೆ ಅವರು ಎರಡು ಗುಟುಕಿನಲ್ಲಿ ಬಂದು ನಿಂತಿದ್ದರು.

ಬೆಲ್ಜಿಯಂನಲ್ಲಿ ನಡೆಯುವುದನ್ನು ಕೇಳಿ. ಬ್ರಸೆಲ್ಸ್‌ನ ಆಂಡರ್‌ಲೆಕ್ಟ್ ಎಂಬ ಬಡಾವಣೆಯಲ್ಲಿ 1900ರಲ್ಲಿ ಶುರುವಾದ ಕ್ಯಾಂಟಿಯೋ ಎಂಬ ಬೀರಿನ ಮನೆ ಇದೆ. ಬಾರ್ಲಿ ಮತ್ತು ಹಸಿ ಗೋಧಿ ಸೇರಿಸಿ ಕುದಿಸಿದ ರಸವನ್ನು ಅಲ್ಲಿ ಅಟ್ಟದ ಮೇಲೆ ಏರಿಸುತ್ತಾರೆ. ಅಲ್ಲೊಂದು ತಾಮ್ರದ ಅಗಲವಾದ, ಆಳವಿಲ್ಲದ ತೊಟ್ಟಿ. ಅದರಲ್ಲಿ ರಸ ಸುರಿದು, ಕಿಟಕಿ ಜಾಲಂದರ ತೆಗೆದು, ರಾತ್ರಿಯಿಡೀ ಹಾಗೇ ಬಿಟ್ಟುಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ, ಒಂದು ಚಿಟಿಕೆಯೂ ಇಲ್ಲ! ಗಾಳಿಯಲ್ಲಿ, ಮಾಡಿನಲ್ಲಿ, ಆಮೇಲೆ ತುಂಬುವ ಮರದ ಪೀಪಾಯಿಯಲ್ಲಿ ಏನು ಮನೆಮಾಡಿಕೊಂಡಿದೆಯೋ ಅದೇ ಹುಳಿಸಬೇಕು. ಬೇಸಿಗೆಯ ಗಾಳಿಯಲ್ಲಿ ಕೆಡಿಸುವ ಜೀವಿಗಳು ಹೆಚ್ಚು, ಹಾಗಾಗಿ ಈ ಕೆಲಸವೆಲ್ಲ ಅಕ್ಟೋಬರಿನಿಂದ ಏಪ್ರಿಲಿನೊಳಗೆ. ಪೀಪಾಯಿಗಳ ನಡುವೆ ಜೇಡರಬಲೆ ಕಂಡರೆ ಗುಡಿಸುವುದಿಲ್ಲ. ಹಣ್ಣು ಹಾಕಿದ ಪೀಪಾಯಿಗೆ ಮುತ್ತುವ ನೊಣಗಳನ್ನು ಜೇಡಗಳೇ ನೋಡಿಕೊಳ್ಳುತ್ತವೆ. ಹೀಗೆ ಹುಟ್ಟಿದ ಬೀರಿಗೆ ಲ್ಯಾಂಬಿಕ್ ಎಂದು ಹೆಸರು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ನಾಲಿಗೆಯ ಲೆಕ್ಕದಲ್ಲೇ ಬೆರೆಸಿ ಬಾಟಲಿಗೆ ತುಂಬಿದರೆ ಅದು ಗೂಝ್. ಎಳೆಯದರಲ್ಲಿ ಉಳಿದ ಸಿಹಿ ಬಾಟಲಿಯೊಳಗೆ ಮತ್ತೆ ಹುಳಿಯುತ್ತದೆ, ನೊರೆ ಹುಟ್ಟುತ್ತದೆ.

ಈಗ ನಮ್ಮ ಕಡೆ ಬನ್ನಿ. ಸೇಂದಿ ಇಳಿಸಲು ಈಚಲು ಮರದ ಕುತ್ತಿಗೆಗೆ ಕೆತ್ತು ಹಾಕಿ ಮಡಕೆ ಕಟ್ಟುತ್ತಾರೆ. ಅಲ್ಲಿಯೂ ಯಾರೂ ಏನೂ ಹಾಕುವುದಿಲ್ಲ. ಹನಿ ಮಡಕೆಗೆ ಬೀಳುವ ಮೊದಲೇ ಗಾಳಿಯ ಜೀವಿಗಳು ಅದರಲ್ಲಿ ಇಳಿದಿರುತ್ತವೆ, ಹಿಂದಿನ ದಿನದ ಮಡ್ಡಿ ತಳದಲ್ಲಿ ಕಾದಿರುತ್ತದೆ. ಬ್ರಸೆಲ್ಸ್‌ನವರಿಗೆ ಪೀಪಾಯಿಯ ಮರ ಹೇಗೋ, ಇಳಿಸುವವರಿಗೆ ಆ ಹಳೇ ಮಡಕೆ ಹಾಗೆ! ಹುಳಿ ಬೇಡ, ನೀರಾ ಬೇಕು ಅನ್ನುವವರು ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಜೀವಿಗಳು ಅಲ್ಲಿಗೇ ತಣ್ಣಗಾಗುತ್ತವೆ. ಸುಣ್ಣವಿಲ್ಲದಿದ್ದರೆ ನಸುಕಿನಲ್ಲಿ ಸಿಹಿ, ಮಧ್ಯಾಹ್ನಕ್ಕೆ ಹುಳಿ ಮತ್ತು ಅಮಲು, ಮರುದಿನಕ್ಕೆ ಬಾಯಿಗಿಡಲಾಗದ ವಿನೆಗರ್. ಒಂದೇ ಹಗಲಿನ ಆಯುಷ್ಯ.

ಅದೇ ಗಾಳಿ, ಅದೇ ಹುಳಿ. ಒಂದು ಸಂಜೆಗೆ ಮುಗಿಯುತ್ತದೆ, ಇನ್ನೊಂದು ಇಪ್ಪತ್ತು ವರ್ಷ ಬಾಳುತ್ತದೆ. ಯಾಕೆ? ಈ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಎಚ್ಚರವಿರಿಸಿದೆ.

ಉತ್ತರ ಸಕ್ಕರೆಯಲ್ಲಿದೆ. ಈಚಲ ರಸದ್ದು ಕಬ್ಬಿನ ಹಾಲಿನಂಥ ಸಿಹಿ, ಜೀವಿಗಳು ಒಂದೇ ಉಸಿರಿಗೆ ಕುಡಿದು ಮುಗಿಸುತ್ತವೆ. ಲ್ಯಾಂಬಿಕ್ಕಿನ ಹಸಿ ಗೋಧಿಯಲ್ಲಿರುವುದು ಖಡಕ್ ರೊಟ್ಟಿಯಂಥ ಗಟ್ಟಿ ಪಿಷ್ಟ, ಅದನ್ನು ಜಗಿಯುವ ಹಲ್ಲು ಎಲ್ಲ ಜೀವಿಗೂ ಇಲ್ಲ. ಜೊತೆಗೆ ಬೇಕೆಂದೇ ವರ್ಷಗಟ್ಟಲೆ ಹಳತು ಮಾಡಿದ ಹಾಪ್ಸ್ ಹೂವು ಹಾಕುತ್ತಾರೆ. ಕಹಿ ಹೋಗಿರುತ್ತದೆ, ಆದರೆ ಕೆಡಿಸುವ ಬ್ಯಾಕ್ಟೀರಿಯಾ ತಡೆಯುವ ಗುಣ ಉಳಿದಿರುತ್ತದೆ. ಹಾಗಾಗಿ ಪೀಪಾಯಿಯೊಳಗೆ ಸರದಿ ನಡೆಯುತ್ತದೆ. ಮೊದಲು ಸಾಮಾನ್ಯ ಯೀಸ್ಟ್ ಸುಲಭದ ಸಕ್ಕರೆ ತಿಂದು ಮಲಗುತ್ತದೆ. ಆಮೇಲೆ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ನಿಧಾನಕ್ಕೆ ಹುಳಿ ಕಟ್ಟುತ್ತದೆ. ಆಗೊಮ್ಮೆ ಬೀರು ಲೋಳೆಯಾಗಿ ನೂಲು ನೂಲಾಗಿ ಇಳಿಯುತ್ತದೆ. ಬೀರಿಗೆ ಕಾಯಿಲೆ ಬಂತು ಅನ್ನುತ್ತಾರೆ ಅಲ್ಲಿಯವರು, ಆದರೂ ಚೆಲ್ಲುವುದಿಲ್ಲ! ಕಾಯುತ್ತಾರೆ. ಕೊನೆಗೆ ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟ್ ಬಂದು ಆ ಲೋಳೆಯನ್ನೂ ಗಟ್ಟಿ ಪಿಷ್ಟವನ್ನೂ ತಿಂಗಳುಗಟ್ಟಲೆ ಮೆಲ್ಲುತ್ತ ಬೀರನ್ನು ತಿಳಿಗೊಳಿಸುತ್ತದೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ 1904ರಲ್ಲಿ ಇದಕ್ಕೆ ಹೆಸರಿಟ್ಟ. ಅವನು ಕಂಡದ್ದು ಇಂಗ್ಲೆಂಡಿನ ಹಳೇ ಬೀರಿನಲ್ಲಿ, ಹೆಸರಿನ ಅರ್ಥವೂ ಬ್ರಿಟಿಷ್ ಶಿಲೀಂಧ್ರ. ಆದರೆ ಲ್ಯಾಂಬಿಕ್ಕಿನ ತಳಿ ಬ್ರಸೆಲ್ಸ್ ಊರಿನ ಹೆಸರನ್ನೇ ಹೊತ್ತಿದೆ.

ನಮ್ಮ ತಂಗಿಯ ಮಗಳು ಬೆಲ್ಜಿಯಂನ ಲ್ಯುವೆನ್‌ನಲ್ಲಿ ಓದುತ್ತಾಳೆ. ಎರಡು ವರ್ಷದ ಹಿಂದೆ ರಜೆಗೆ ಬರುವಾಗ ತಂದದ್ದು ಒಂದೇ ಸಲ ತುಂಬಿದ ಎರಡು ಗೂಝ್ ಬಾಟಲಿ, ತಲಾ 750 ಮಿಲಿ, ಜೊತೆಗೆ ರೋಡೆನ್‌ಬಾಕ್ ಗ್ರಾನ್ ಕ್ರೂ ಎಂಬ ಇನ್ನೊಂದು ಹುಳಿ ಬೀರಿನ 330 ಮಿಲಿಯ ಒಂದು ಬಾಟಲಿ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ ತರಲು ಎರಡು ಲೀಟರಿನ ಮಿತಿ. ಅಷ್ಟರೊಳಗೆ ಅವಳು ಲೆಕ್ಕ ಹಾಕಿ ಆರಿಸಿದ್ದಳು. ಕೊಳ್ಳುವಾಗ ಅವಳು ನೋಡಿದ್ದು ಒಂದೇ ಪದ: ‘ಔಡೆ’, ಅಂದರೆ ಹಳೆಯದು. ಗೂಝ್ ಹೆಸರಿನ ಮುಂದೆ ಆ ಪದ ಹಾಕಲು 1997ರಿಂದ ಯುರೋಪಿನ ಕಾನೂನೇ ಇದೆ. ಬಾಟಲಿಯಲ್ಲಿ ನಿಜವಾದ ಲ್ಯಾಂಬಿಕ್ಕೇ ಇರಬೇಕು, ಹುಳಿ ತನ್ನಿಂದ ತಾನೇ ಬಂದಿರಬೇಕು. ಆ ಪದವಿಲ್ಲದ, ಸಿಹಿ ಬೆರೆಸಿ ಮೆತ್ತಗೆ ಮಾಡಿದ ಗೂಝ್ ಕೂಡ ಅಂಗಡಿಯಲ್ಲಿ ಸಾಲು ಸಾಲಾಗಿರುತ್ತದೆ. ಆ ಕಾನೂನಿನ ಬಗ್ಗೆ ಓದಿದಾಗ ನನಗೆ ಹೊಟ್ಟೆ ಉರಿಯಿತು. ನಮ್ಮ ಗಡಿಯ ಹಳ್ಳಿಗಳಲ್ಲಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಅಮಲಿನ ರಾಸಾಯನಿಕ) ಕಲಸಿ ಸೇಂದಿ ಎಂದು ಮಾರುವುದನ್ನು, ಅದನ್ನು ಕುಡಿದವರು ಹಾಸಿಗೆ ಹಿಡಿಯುವುದನ್ನು ಯಾರು ಬಲ್ಲರೋ ಅವರಿಗೆ ಒಂದು ಪದದ ಕಾವಲು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಮರದಿಂದ ಇಳಿದ ಸೇಂದಿಗೆ ಅಂಥ ಕಾವಲು ಸಿಕ್ಕಿದ್ದರೆ!

ಒಂದು ಗೂಝ್ ಬಾಟಲಿಯನ್ನು ಅವಳು ಬಂದ ವಾರವೇ ಬೆಂಗಳೂರಿನಲ್ಲಿ ತೆಗೆದೆವು. ಎರಡನೆಯದನ್ನು ಇಟ್ಟೆ. ಇಡುವುದು ಅಂದರೆ ಬಿಸಿಲು, ಬೆಳಕು, ಅಲುಗಾಟ ಮೂರನ್ನೂ ದೂರವಿಡುವುದು. ಹಾಪ್ಸ್ ಇರುವ ಬೀರಿಗೆ ಬೆಳಕು ತಾಗಿದರೆ ನಾತ ಹಿಡಿಯುತ್ತದೆ. ಬಾಟಲಿಯ ಹಸಿರು ಗಾಜು ಅದನ್ನು ಪೂರ್ತಿ ತಡೆಯದು. ಹತ್ತರಿಂದ ಹದಿನೈದು ಡಿಗ್ರಿ ತಂಪು ಒಳ್ಳೆಯದು. ಅಲ್ಲಿ ನೆಲಮಾಳಿಗೆಯಲ್ಲಿ ಬಾಟಲಿಗಳನ್ನು ಅಡ್ಡ ಮಲಗಿಸುತ್ತಾರೆ. ನಮ್ಮವರು ಜೋಳವನ್ನು ಹಗೇವಿನಲ್ಲಿ ಇಟ್ಟು ಬಾಯಿ ಮುಚ್ಚುತ್ತಿದ್ದರಲ್ಲ, ನನಗೆ ನೆನಪಾದದ್ದು ಅದೇ. ನನಗೆ ಹಗೇವು ಎಲ್ಲಿಂದ ಬರಬೇಕು? ಹಳೇ ಲುಂಗಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಅಡ್ಡ ಮಲಗಿಸಿದೆ, ಮೇಲೆ ತಾರೀಖು ಬರೆದು ಅಂಟಿಸಿದೆ. ಊರಿಗೆ ಕಾರಿನಲ್ಲಿ ಥರ್ಮೋಕೋಲ್ ಡಬ್ಬಿಯಲ್ಲಿ ಬಂತು. ತಳದ ಮಡ್ಡಿ ಕೂರಲೆಂದು ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ತೆಗೆದದ್ದು.

ಹೋಲಿಸಿದಾಗಲೇ ಅದ್ಭುತ! ಬೆಂಗಳೂರಿನಲ್ಲಿ ತೆಗೆದದ್ದು ಎಳೇ ಹುಣಸೆಕಾಯಿ ಕಚ್ಚಿದಂತೆ ದವಡೆ ಹಿಂಡಿತ್ತು, ಟಿಪ್ಪಣಿ ಪುಸ್ತಕದಲ್ಲಿ ‘ಬರೀ ಹುಳಿ’ ಎಂದೇ ಬರೆದಿದ್ದೆ. ಸೈದಾಪುರದಲ್ಲಿ ತೆಗೆದದ್ದೂ ಅದೇ ದಿನ ಬಾಟಲಿ ಸೇರಿದ ಬೀರು. ಆದರೆ ಹುಳಿ ದುಂಡಗಾಗಿತ್ತು. ಮೊದಲು ಒದ್ದೆ ಗೋಣಿಚೀಲದ ವಾಸನೆ, ಹಿಂದೆಯೇ ಬಣವೆಯ ಕಣಕಿ, ಆಮೇಲೆ ನಿಂಬೆ ಸಿಪ್ಪೆ, ಕೊನೆಗೆ ಬಾಯಿ ಒಣಗಿಸುವ ಮರದ ಒಗರು. ಯುರೋಪಿನವರು ಈ ವಾಸನೆಗೆ ಕುದುರೆಯ ಕಂಬಳಿ ಅನ್ನುತ್ತಾರೆ. ನಮಗೆ ಅದು ಎತ್ತಿನ ಕೊಟ್ಟಿಗೆ. ಅದು ಕೊಳಕಲ್ಲ, ಬ್ರೆಟ್ಟನೊಮೈಸಿಸ್ ಬಿಟ್ಟುಹೋದ ಗುರುತು.

ಪಕ್ಕದ ಲೋಟದಲ್ಲಿ ರೋಡೆನ್‌ಬಾಕ್. ಇದು ಬ್ರಸೆಲ್ಸ್‌ನದಲ್ಲ, ಪಶ್ಚಿಮ ಫ್ಲ್ಯಾಂಡರ್ಸ್‌ನ ರೂಸೆಲಾರೆಯದು, 1821ರಿಂದ ಇದೆ. ಆಳೆತ್ತರ ಮೀರಿದ ಓಕ್ ಪೀಪಾಯಿಗಳಲ್ಲಿ ಎರಡು ವರ್ಷ ಮಾಗಿದ್ದಕ್ಕೆ ಎಳೆಯದನ್ನು ಬೆರೆಸುತ್ತಾರೆ. ಕೆಂಪು ಬಣ್ಣ, ವಿನೆಗರಿನ ಚುರುಕು, ಹಿಂದಿನಿಂದ ಬೆಲ್ಲದಂಥ ಸಿಹಿ. ಮಾಮಾಗೆ ಸೇರಲಿಲ್ಲ, ನನಗೆ ಸೇರಿತು. ಆದರೆ ಗೂಝ್‌ಗೆ ಸರಿಸಾಟಿ ಅಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಚೆರ್ರಿ ಹಣ್ಣು ನೆನೆಹಾಕಿದ ಕ್ರೀಕ್ ಎಂಬುದೂ ಒಂದಿದೆ. ಅದನ್ನು ವರ್ಷಗಟ್ಟಲೆ ಇಟ್ಟರೆ ಹಣ್ಣಿನ ಸೊಗಸು ಮಾಸುತ್ತದೆ, ಬೇಗ ಕುಡಿಯಬೇಕು.

ಅತ್ತಿ ತಟ್ಟೆಯಲ್ಲಿ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟರು. ಪುಂಡಿಪಲ್ಯದ ಹುಳಿ ಮೇಲೆ ಗೂಝ್‌ನ ಹುಳಿ ಬಿದ್ದಾಗ ಎರಡೂ ಒಂದನ್ನೊಂದು ಅಪ್ಪಿಕೊಂಡವು! ಹುಟ್ಟಿದಾರಭ್ಯ ಪುಂಡಿ, ಹುಣಸೆ, ಹುಳಿ ಅಂಬಲಿ ಉಂಡ ನಾಲಿಗೆಗೆ ಈ ಬೀರಿನ ಪಾಠ ಬೇಕಿಲ್ಲ. ಹೊಸಬರು ಮೊದಲ ಗುಟುಕಿಗೆ ಮುಖ ಕಿವುಚುತ್ತಾರೆ ಎಂದು ಓದಿದ್ದೆ. ಮಾಮಾ ಎರಡನೇ ಲೋಟ ಕೇಳಿದರು.

ಬೆಲ್ಜಿಯಂ ಕಡೆ ನಿಮ್ಮವರು ಯಾರಾದರೂ ಇದ್ದರೆ ‘ಔಡೆ’ ಎಂದು ಬರೆದ ಗೂಝ್ ಒಂದಲ್ಲ, ಒಂದೇ ವರ್ಷದ ಎರಡು ಬಾಟಲಿ ತರಿಸಿ. ಒಂದನ್ನು ಈಗಲೇ ತೆಗೆಯಿರಿ, ಇನ್ನೊಂದಕ್ಕೆ ತಾರೀಖು ಬರೆದು ಕತ್ತಲಲ್ಲಿ ಮಲಗಿಸಿ. ಅದನ್ನು ತೆಗೆಯುವ ದಿನ ಮನೆಯಲ್ಲಿ ಸೇಂದಿಯ ರುಚಿ ಬಲ್ಲ ಹಿರಿಯರಿದ್ದರೆ ಮೊದಲ ಲೋಟ ಅವರ ಕೈಗೆ ಕೊಡಿ.