ಯಾವ ವಿಜ್ಞಾನಿಗೆ ಯಾವ ಯೋಜನೆ?

ರೈತ ಬಾಂಧವರೇ, ಹೊಸ ತಳಿಯೊಂದು ನಿಮ್ಮ ಹೊಲ ಸೇರಲು ಹಲವು ವರ್ಷಗಳ ಸಂಶೋಧನೆ ಬೇಕು. ಮನಸ್ಸಿಲ್ಲದ ವಿಜ್ಞಾನಿ ನಡುವೆಯೇ ಕೈಬಿಟ್ಟರೆ ನಷ್ಟ ನಿಮಗೇ. ಆದ್ದರಿಂದ ಯೋಜನೆಗೆ ತಕ್ಕ ವಿಜ್ಞಾನಿ ಸಿಗುವುದು ಮುಖ್ಯ.

ಇಂಥ ಜೋಡಣೆಗೆ ಒಪ್ಪುವ ಸರಳ ಕ್ರಮವೊಂದನ್ನು ಅಮೆರಿಕದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಪ್ರಕಟಿಸಿದರು. ಅದು ಹೀಗಿದೆ:

1. ವಿಜ್ಞಾನಿಗಳು ತಮಗಿಷ್ಟವಾದ ಯೋಜನೆಗಳನ್ನೂ, ಯೋಜನೆಯ ಮುಖ್ಯಸ್ಥರು ತಮಗೆ ಬೇಕಾದ ವಿಜ್ಞಾನಿಗಳನ್ನೂ ಅನುಕ್ರಮವಾಗಿ ಪಟ್ಟಿ ಮಾಡಬೇಕು.

2. ಪ್ರತಿ ವಿಜ್ಞಾನಿಯ ಹೆಸರು ಮೊದಲು ಆತನ ಅಥವಾ ಆಕೆಯ ಮೊದಲ ಆಯ್ಕೆಗೆ ಹೋಗುತ್ತದೆ. ರಾಗಿಯ ಬೆಂಕಿ ರೋಗದ ಯೋಜನೆಗೆ ಇಬ್ಬರು ಬಂದರೆ, ಮುಖ್ಯಸ್ಥರು ತಮ್ಮ ಪಟ್ಟಿಯಲ್ಲಿ ಮೇಲಿರುವವರನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತಾರೆ.

3. ಉಳಿದವರ ಹೆಸರು ಎರಡನೆಯ ಆಯ್ಕೆಗೆ, ತೊಗರಿಯ ಸೊರಗು ರೋಗದ ಯೋಜನೆಗೆ ಎನ್ನಿ, ಹೋಗುತ್ತದೆ. ಅಲ್ಲಿ ಇವರೇ ಹೆಚ್ಚು ಬೇಕಾದವರಾದರೆ ಮೊದಲಿದ್ದವರು ಜಾಗ ಬಿಡಬೇಕು.

4. ಹೀಗೆ ಬದಲಾವಣೆ ನಿಂತಾಗ ಜೋಡಿ ಕಾಯಂ.

ಆಮೇಲೆ ಇದ್ದುದನ್ನು ಬಿಟ್ಟು ಒಬ್ಬರನ್ನೊಬ್ಬರು ಬಯಸುವ ವಿಜ್ಞಾನಿ, ಯೋಜನೆಗಳು ಉಳಿಯುವುದಿಲ್ಲ. ಸುಳ್ಳು ಪಟ್ಟಿ ಕೊಟ್ಟು ವಿಜ್ಞಾನಿಗೆ ಲಾಭವೂ ಇಲ್ಲ. ಶೇಪ್ಲಿಯವರು 2012ರಲ್ಲಿ ಆಲ್ವಿನ್ ರಾತ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು.

ಒಂದು ಮಾತು ನೆನಪಿರಲಿ. ಈ ಕ್ರಮ ಪಟ್ಟಿಯಲ್ಲಿರುವ ಯೋಜನೆಗಳನ್ನಷ್ಟೇ ಹಂಚುತ್ತದೆ. ನಿಮ್ಮ ಬೆಳೆಯ ತೊಂದರೆ ಪಟ್ಟಿಗೇ ಬರದಿದ್ದರೆ ಅದಕ್ಕೆ ವಿಜ್ಞಾನಿಯೂ ಸಿಗರು. ಕೃಷಿ ಮೇಳದಲ್ಲಿ, ಕ್ಷೇತ್ರೋತ್ಸವದಲ್ಲಿ ಅದನ್ನು ಬಾಯಿಬಿಟ್ಟು ಹೇಳಿರಿ.